ಓಡಿಸಿದ ದನಿ

ಈಗ ರೆಕಾರ್ಡಿಂಗ್ ಕೆಲಸಕ್ಕೆ ಬರುವವರಿಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಣ್ಣ ಅಂಕಿ ಕಾಣುತ್ತದೆ. ತೊಂಬತ್ತೋ ನೂರೋ ನೂರಾ ಹತ್ತೋ, ಏನೋ ಒಂದು. ಅದು ಹಾಡಿನ ಟೆಂಪೊ, ಅಂದರೆ ನಿಮಿಷಕ್ಕೆ ತಾಳದ ಎಷ್ಟು ಪೆಟ್ಟು ಎಂಬುದು. ಆ ಅಂಕಿ ಅಳಿಸಿ ಬೇರೆ ಬರೆದರೆ ಹಾಡು ಓಡುತ್ತದೆ, ಇಲ್ಲವೇ ನಿಧಾನವಾಗುತ್ತದೆ. ಎರಡು ಸೆಕೆಂಡಿನ ಕೆಲಸ. ನಿಪ್ಪಾಣಿಯ ಒಂದು ಕ್ಯಾಸೆಟ್ ರೆಕಾರ್ಡಿಂಗ್ ಕೋಣೆಯಲ್ಲಿ ಅರ್ಧ ಆಯುಷ್ಯ ಕೂತೆದ್ದ ನಾನು ಈ ಎರಡು ಸೆಕೆಂಡಿನ ಕೆಲಸದ ಬಗ್ಗೆಯೇ ಬರೆಯಲು ಹೊರಟಿದ್ದೇನೆ. ನನಗೆ ಪಗಾರ ಯಾವಾಗ ಏರಿತು, ಯಾವ ಸಮಾರಂಭದಲ್ಲಿ ಶಾಲು ಹೊದಿಸಿದರು ಎಂಬುದೆಲ್ಲ ಯಾರಿಗೂ ಬೇಡದ ಸುದ್ದಿ. ನಾನು ಕೆಡಿಸಿದ ಕೆಲಸಗಳನ್ನು ಹೇಳುತ್ತೇನೆ, ಅವು ನಿಮ್ಮ ಉಪಯೋಗಕ್ಕೆ ಬಂದಾವು.

ನಾನು ಚಿಕ್ಕೋಡಿಯವನು. ಬಸ್‌ ಸ್ಟ್ಯಾಂಡಿನ ಹಿಂದೆ ರೇಡಿಯೊ, ಟೇಪ್ ರಿಪೇರಿ ಮಾಡಿಕೊಂಡಿದ್ದೆ. ಎಂಬತ್ತರ ದಶಕದ ಮೊದಲಿಗೆ ನಿಪ್ಪಾಣಿಯ ಬಾಪೂಸಾಹೇಬರು ಹೇಳಿಕಳಿಸಿದರು. ಅವರದು ಗೊಬ್ಬರ, ಬೀಜದ ಅಂಗಡಿ. ಕಬ್ಬಿನ ಟ್ರ್ಯಾಕ್ಟರುಗಳಲ್ಲೆಲ್ಲ ಟೇಪ್ ಕಿರುಚುವುದನ್ನು ಕೇಳಿ ಕೇಳಿ ಕ್ಯಾಸೆಟ್ ಧಂದೆಗೆ ಇಳಿಯುವ ಮನಸ್ಸು ಮಾಡಿದ್ದರು. ಸಂಗೀತದ ಗಂಧ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರಿಗೆ ಮಾರುವುದು ಗೊತ್ತಿತ್ತು, ನನಗೆ ಮೋಟರು ಬಿಚ್ಚುವುದು ಗೊತ್ತಿತ್ತು.

"ಹಾಡವರು ಹಾಡ್ತಾರ, ನೀ ಗುಂಡಿ ಒತ್ತು. ಅಷ್ಟ ಕೆಲಸ ಐತಿ ನೋಡ್ ದತ್ತೂ" ಎಂದರು. ನಾನು ನಂಬಿದೆ.

ಅಂಗಡಿಯ ಹಿಂದಿನ ಗೋದಾಮೇ ನಮ್ಮ ಸ್ಟುಡಿಯೊ. ಗೋಡೆಗೆ ಗೋಣಿಚೀಲ ಬಡಿದು ಮೇಲೆ ಹಳೆಯ ಕೌದಿಗಳನ್ನು ಇಳಿಬಿಟ್ಟಿದ್ದೆವು. ಎದುರು ಓಣಿಯಲ್ಲಿ ತಂಬಾಕಿನ ವಖಾರಿ. ಅಲ್ಲಿ ತಂಬಾಕು ಬಡಿಯಲು ಹಚ್ಚಿದ ದಿನ ಘಾಟು ಬಾಗಿಲ ಸಂದಿಯಿಂದ ಒಳಗೆ ಬಂದು, ಹಾಡುವವರು ಮೊದಲ ನುಡಿ ಮುಗಿಸುವ ಮುಂಚೆ ಸೀನುತ್ತಿದ್ದರು. ನಮ್ಮ ಮೊಟ್ಟಮೊದಲ ಭಜನೆ ಕ್ಯಾಸೆಟ್ಟಿನಲ್ಲಿ ಮೂರು ಸೀನು ಹಾಗೇ ಉಳಿದಿವೆ. ಬಾಪೂಸಾಹೇಬರು, "ಇರ್ಲಿ ಬಿಡ, ದೇವರ ಮುಂದ ಮಂದಿ ಸೀನೂದಿಲ್ಲೇನು?" ಎಂದು ಮಾರಿಯೇ ಬಿಟ್ಟರು.

ಅವೆಲ್ಲ ನಗುವ ತಪ್ಪುಗಳು. ಮಂಗಸೂಳಿ ಎಂಬ ಊರಿನದೂ ಹಾಗೇ ಶುರುವಾಯಿತು. ಅಲ್ಲಿ ಮಲ್ಲಯ್ಯನ ಪದ ಹಾಡುವ ಒಬ್ಬ ಮುದುಕರಿದ್ದರು. ನಿಪ್ಪಾಣಿತನಕ ಬರುವುದು ಅವರಿಂದ ಆಗದು ಎಂದು ನಾನೇ ಸೆಲ್ಲಿನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆ. ಹೊಸ ಸೆಲ್ ಒಯ್ಯಲಿಲ್ಲ, ಇದ್ದದ್ದರಲ್ಲೇ ಮುಗಿದೀತು ಎಂಬ ಧಿಮಾಕು. ಹಾಡು ನಡೆದಂತೆ ಸೆಲ್ಲಿನ ಕಸುವು ಇಳಿದು ಟೇಪು ನಿಧಾನವಾಗುತ್ತ ಹೋಗಿದೆ, ನನಗೆ ತಿಳಿದೇ ಇಲ್ಲ. ನಿಧಾನವಾಗಿ ಓಡುವ ಟೇಪಿನಲ್ಲಿ ಹಿಡಿದ ದನಿಯನ್ನು ಸರಿಯಾದ ವೇಗದಲ್ಲಿ ಹಚ್ಚಿದರೆ ಅದು ಓಟ ಹಿಡಿಯುತ್ತದೆ, ಓಡಿದಷ್ಟೂ ಸಣ್ಣಗಾಗುತ್ತದೆ. ನಿಪ್ಪಾಣಿಗೆ ಬಂದು ಕೇಳಿದರೆ, ಮುದುಕರಾಗಿ ಹಾಡಲು ಕೂತವರು ಆರು ವರ್ಷದ ಹುಡುಗಿಯಾಗಿ ಮುಗಿಸಿದ್ದರು. ಬಾಪೂಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹೊಸ ಸೆಲ್ ತೆಗೆದುಕೊಂಡು ಮತ್ತೆ ಹೋಗುವಷ್ಟರಲ್ಲಿ ಮುದುಕರಿಗೆ ಲಕ್ವ ಹೊಡೆದು ಮಾತೇ ನಿಂತುಹೋಗಿತ್ತು.

ಉಳಿದದ್ದು ಆ ಕೆಟ್ಟ ಟೇಪೊಂದೇ. ಟೇಪಿನ ಮೋಟರಿಗೆ ಬೆನ್ನಲ್ಲಿ ಒಂದು ಸಣ್ಣ ತೂತು ಇರುತ್ತಿತ್ತು. ಅದರೊಳಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ವೇಗ ಹೆಚ್ಚುಕಡಿಮೆ ಆಗುತ್ತದೆ. ರಿಪೇರಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಹಾಡು ಓಡಿದಂತೆ ನಾನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ, ಮುದುಕರ ದನಿಯನ್ನು ಮೊದಲಿನ ಜಾಗಕ್ಕೆ ಎಳೆದು ತಂದು ಬೇರೆ ಟೇಪಿಗೆ ಹಾಕಿದೆ. ಪೂರ್ತಿ ಸರಿಹೋಗಲಿಲ್ಲ, ಆದರೂ ಮಾರುವಂತಾಯಿತು. ಬಾಪೂಸಾಹೇಬರು ಬೆನ್ನ ಹಿಂದೆ ನಿಂತು ಅಷ್ಟನ್ನೂ ನೋಡಿದ್ದರು. "ಅಂದ್ರ ಹಾಡು ನಮ್ಮ ಕೈಯಾಗ ಐತಿ ಅನ್ನು" ಎಂದರು.

ಕಾಶವ್ವ ನಮ್ಮಲ್ಲಿಗೆ ಬಂದದ್ದು ಅದಾದ ಮೇಲೆ. ರಾಯಬಾಗ ಕಡೆಯ ಹಳ್ಳಿಯವಳು, ಆಗ ಮೂವತ್ತರ ಆಸುಪಾಸು. ಗೀಗೀ ಮೇಳದಲ್ಲಿ ನಾಗೇಶಿ ಹಾಡುವವಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹರದೇಶಿ–ನಾಗೇಶಿ ಎಂದರೆ ಎರಡು ಮೇಳಗಳು ಹಾಡಿನಲ್ಲೇ ನಡೆಸುವ ವಾದ. ಹರದೇಶಿಯವರು ಗಂಡೇ ಹೆಚ್ಚು ಎಂದು ಸವಾಲು ಹಾಕುತ್ತಾರೆ. ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಜವಾಬು ಕೊಡಬೇಕು. ಕಾಶವ್ವ ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ ಹಿಡಿದು ಮುಂದೆ ನಿಂತರೆ, ಹಿಂದೆ ಒಂಟಿ ತಂತಿಯ ತುಂತುಣಿ ಹಿಡಿದ ನಾದಿನಿ, ತಾಳ ಹಿಡಿದ ಗಂಡ. ಆಕೆಯ ದನಿ ದಪ್ಪಗೆ, ನೆಲಕ್ಕೆ ಹತ್ತಿಕೊಂಡು ನಡೆಯುವ ದನಿ. ಎದುರು ಮೇಳದವರು ಎಷ್ಟು ಕೆಣಕಿದರೂ ಆಕೆ ತನ್ನ ನಡಿಗೆ ಬಿಡುತ್ತಿರಲಿಲ್ಲ. ನಾನು ಅಷ್ಟು ಜನರ ದನಿ ಹಿಡಿದಿದ್ದೇನೆ, ಅಂಥದ್ದು ಇನ್ನೊಂದು ಸಿಗಲಿಲ್ಲ.

ಹಾಡಿದ್ದು ಒಂದೇ ದೊಡ್ಡ ಪದ. ಗಡಿಯಾರ ನೋಡಿದರೆ ಮೂವತ್ತಮೂರೂವರೆ ನಿಮಿಷ. ನಮ್ಮ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಿಡಿಯುವುದು ಮೂವತ್ತೇ ನಿಮಿಷ. ಬಾಪೂಸಾಹೇಬರು ಎರಡು ನುಡಿ ಬಿಡಲು ಹೇಳಿದರು.

"ನುಡಿ ಬಿಟ್ರ ಸವಾಲ್ ಉಳೀತೈತಿ, ಜವಾಬ್ ಹೋಗ್ತೈತ್ರಿ" ಎಂದಳು ಕಾಶವ್ವ.

"ಹಂಗಾರ ಸ್ವಲ್ಪ ಲಗೂ ಹಾಡವಾ."

"ಓಡಿ ಹಾಡಿದ್ರ ಅರ್ಥ ಹಿಂದ ಉಳೀತೈತ್ರಿ ಧಣ್ಯಾರ. ನಂದು ನಡಗಿ ಇಷ್ಟ."

ಬಾಪೂಸಾಹೇಬರು ನಕ್ಕರು. ಮೇಳದವರಿಗೆ ಚಹಾ ಕುಡಿಸಿ, ಮೂರು ಗಂಟೆಯ ಬಸ್ಸಿಗೆ ಕಳಿಸಿ ಒಳಗೆ ಬಂದು, "ಅಕಿ ಓಡೂದಿಲ್ಲಂದ್ರ ಮಷೀನ್ ಓಡ್ತೈತಿ. ಹಚ್ಚು" ಎಂದರು.

ಮೂಲ ಟೇಪು ಹಚ್ಚುವ ಮಷೀನಿನ ಮೋಟರಿಗೆ ಸ್ಕ್ರೂಡ್ರೈವರ್ ಹಾಕಿ ಕಾಲು ಸುತ್ತು ತಿರುಗಿಸಿದೆ. ಹಾಡು ಮೂವತ್ತರೊಳಗೆ ಕೂತಿತು. ದನಿ ಸಣ್ಣಗಾಯಿತು, ಚುರುಕಾಯಿತು, ವಯಸ್ಸೂ ಇಳಿದಂತೆ ಕೇಳಿತು. ನಿಜ ಹೇಳುತ್ತೇನೆ, ನನಗೂ ಅದು ಚೆನ್ನಾಗಿಯೇ ಕೇಳಿತು. ಆ ಓಡುವ ಹಾಡಿನಿಂದ ನೂರಾರು ಪ್ರತಿ ತೆಗೆದೆವು. ಮೂಲ ಟೇಪಿನ ಮೇಲೆ ಮುಂದಿನ ತಿಂಗಳು ಬೇರೆ ಯಾರದೋ ಭಜನೆ ತುಂಬಿದೆವು, ಟೇಪು ತುಟ್ಟಿ ಎಂದು. ಕಾಶವ್ವನಿಗೆ ಹೇಳುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕ್ಯಾಸೆಟ್ಟು ಅಥಣಿಯಿಂದ ನಿಪ್ಪಾಣಿತನಕ ಹಬ್ಬಿತು. ಟ್ರ್ಯಾಕ್ಟರಿನಲ್ಲಿ ಅದೇ, ಹೋಟೆಲಿನಲ್ಲಿ ಅದೇ, ಮದುವೆ ಮನೆಯ ಮೈಕಿನಲ್ಲೂ ಅದೇ. ನಾನು ಬಸ್ಸಿನಲ್ಲಿ ಕೂತು ಅದನ್ನು ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ.

ಒಂದು ದಿನ ಕಾಗವಾಡದ ಪಾಯಪ್ಪ ಮಾಸ್ತರರು ಸ್ಟುಡಿಯೊಗೆ ಬಂದರು. ಬಸದಿಗಳ ಪೂಜೆಗೆ ಪೇಟಿ ಬಾರಿಸುವ ಹಿರಿಯರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಅವರು ಮಾತು ಕಡಿಮೆ, ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆ ಸೇರಬೇಕೆಂದು ಯಾವಾಗಲೂ ಅವಸರದಲ್ಲೇ ಇರುವವರು. ಕಾಶವ್ವನ ಕ್ಯಾಸೆಟ್ಟು ಓಡುತ್ತಿತ್ತು. ಮಾಸ್ತರರು ತಲೆ ಓರೆ ಮಾಡಿ ಕೇಳಿದರು.

"ದತ್ತೋಬಾ, ಈ ದಪ್ಪಿಗೆ ಏನಾಗೈತಿ? ಸಣ್ಣ ಹುಡುಗೂರ ಆಟಿಗಿ ಬಡದಂಗ ಕೇಳ್ತೈತಲ್ಲ."

ಅವರು ಪೇಟಿ ಎಳೆದುಕೊಂಡು ಒಂದು ಮನೆ ಒತ್ತಿ ಹಿಡಿದರು. ಪೇಟಿಯವರು ಸ್ವರದ ಎತ್ತರವನ್ನು ಅದರ ಕರಿ, ಬಿಳಿ ಮನೆಗಳ ಎಣಿಕೆಯಿಂದ ಹೇಳುತ್ತಾರೆ, ಎಣಿಕೆ ಏರಿದಂತೆ ಸ್ವರ ಏರುತ್ತದೆ.

"ಇದು ಕರಿ ಐದು. ಅಕಿ ಕರಿ ನಾಕರಾಕಿ. ಅಥಣ್ಯಾಗ ನಾ ಎದುರಿಗೇ ಕುಂತ ಕೇಳೀನಿ. ಓಡಿಸೀರಿ ಹೌದಲ್ಲ?"

"ಹೌದ್ರಿ" ಎಂದೆ.

"ಅಕಿಗೆ ಹೇಳೀರೇನು?"

"ಹೇಳ್ತೀನ್ರಿ."

"ಹೇಳ್ತೀನಿ ಅಲ್ಲ, ಇವತ್ತ ಹೇಳ್ರಿ. ಗಂಟಲಾ ಅಂದ್ರ ಪೇಟಿ ಅಲ್ಲ, ಒಡದ್ರ ಹೊಸಾದ ತರಾಕ."

ಅವರು ಹೇಳಿದ್ದು ಏನೆಂದು ಆಗ ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿಸಿದ್ದು ಕಾಶವ್ವನೇ. ಮುಂದಿನ ಬೇಸಿಗೆಯಲ್ಲಿ ಆಕೆ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಒಬ್ಬಳೇ ನಿಪ್ಪಾಣಿಗೆ ಬಂದಳು. ನನಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ದನಿಯಲ್ಲಿ ಆಗಲೇ ಸಣ್ಣ ಬಿರುಕಿತ್ತು.

"ಅಣ್ಣಾರ, ಒಂದ್ ಮಾತ ಕೇಳಾಕ ಬಂದೀನ್ರಿ. ಕ್ಯಾಸೆಟ್ಟಿನ್ಯಾಗ ನನ್ನ ದನಿ ಅಷ್ಟ ಮ್ಯಾಲೆ ಹೆಂಗ ಹೋಗಿತ್ತರಿ? ಈಗ ಏರವಲ್ದು. ಹಾಡಕಿಗೆ ನಿಂತ್ರ ಮಂದಿ 'ಕ್ಯಾಸೆಟ್ಟಿನ್ಯಾಂಗ ಹಾಡಬೇ' ಅಂತ ಒದರತಾರ. ಹಾಡಕಿ ಇಟ್ಟವರು ಈಗ ಪೇಟಿಯವರನ್ನೂ ಕರಸ್ತಾರ್ರಿ. ಅವರು ಕ್ಯಾಸೆಟ್ ಕೇಳಿ ಕರಿ ಐದಕ್ಕ ಹಿಡೀತಾರ. ನನಗ ಅಲ್ಲಿಗೆ ಹೋಗೂದರಾಗ ಉಸರ ಹಿಡದಂಗ ಆಗ್ತೈತಿ. ನನ್ನ ದನಿ ಬಿದ್ದೈತೇನ್ರಿ?"

ಆಗ ಒಂದು ಮಾತು ಸಾಕಿತ್ತು. ಇಲ್ಲವ್ವ, ನಿನ್ನ ದನಿ ಇದ್ದಲ್ಲೇ ಇದೆ, ಟೇಪನ್ನು ನಾವು ಓಡಿಸಿದೆವು ಎಂದಿದ್ದರೆ ಸಾಕಿತ್ತು. ಬೇಕಾದರೆ ಅದೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ನಿಜವಾದ ದನಿ ಕೇಳಿಸಿ ಕಳಿಸಬಹುದಿತ್ತು. ಹೊರಗೆ ಅಂಗಡಿಯಲ್ಲಿ ಬಾಪೂಸಾಹೇಬರು ಕೂತಿದ್ದರು. ಹೊಸ ಪ್ರತಿಗಳು ಆಗತಾನೇ ತಯಾರಾಗಿ ಪೆಟ್ಟಿಗೆಯಲ್ಲಿದ್ದವು. ಹೇಳಿದರೆ ಈಕೆ ಮೇಳದವರನ್ನೆಲ್ಲ ಕರೆತಂದು ಜಗಳ ತೆಗೆದಾಳು, ಬಾಪೂಸಾಹೇಬರು ನನ್ನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿಯಾರು ಎಂಬ ಹೆದರಿಕೆ. ಅಷ್ಟೇ ಅಲ್ಲ, ಆ ಕ್ಯಾಸೆಟ್ಟು ನನ್ನ ಕೈಚಳಕ ಎಂಬ ಜಂಬವೂ ಇತ್ತು.

"ಅವತ್ತ ನಿಮ್ಮ ಗಂಟಲಾ ಭಾಳ ತೆರದಿತ್ತ ನೋಡ್ರಿ. ರಿಯಾಜ ಮಾಡ್ರಿ, ಬರ್ತೈತಿ" ಎಂದೆ.

ಬರೀ ಸುಳ್ಳು ಹೇಳಿದ್ದರೆ ಬೇರೆ ಮಾತು. ನಾನು ಆಕೆಗೆ ಉಪದೇಶ ಮಾಡಿದೆ. ಆಕೆಯ ಗಂಟಲು ಮುಟ್ಟದ ಜಾಗವನ್ನು ಮೋಟರು ಮುಟ್ಟಿತ್ತು, ಅಲ್ಲಿಗೆ ಏರು ಎಂದೆ. ಆಕೆ ಕೈಮುಗಿದು ಹೋದಳು. ಹೋಳಿಗೆಯನ್ನು ನಾನು ತಿಂದೆ.

ಕಾಶವ್ವ ಒಂದು ವರ್ಷ ರಿಯಾಜು ಮಾಡಿದಳಂತೆ. ಬೆಳಿಗ್ಗೆ ಎದ್ದು ಹೊಲದ ಬಾವಿಯ ಕಟ್ಟೆಯ ಮೇಲೆ ನಿಂತು ಕ್ಯಾಸೆಟ್ಟಿನ ಎತ್ತರಕ್ಕೆ ಕೂಗುತ್ತಿದ್ದಳಂತೆ. ಎಲೆ ಅಡಿಕೆ ಬಿಟ್ಟಳು, ಮಜ್ಜಿಗೆ ಬಿಟ್ಟಳು, ಜ್ಯೇಷ್ಠಮಧು ಅಗಿದಳು. ಕೊನೆಗೆ ಉಗುಳಿನಲ್ಲಿ ಕೆಂಪು ಕಾಣಿಸಿ ಮಿರಜಿಗೆ ಹೋದರೆ, ಡಾಕ್ಟರು ಗಂಟಲಲ್ಲಿ ಗಂಟಾಗಿವೆ, ಆರು ತಿಂಗಳು ಮಾತೂ ಆಡಬೇಡ ಎಂದರು. ಒಪ್ಪಿಕೊಂಡ ಹಾಡಕಿಗಳು, ಅಂದರೆ ಮೇಳದ ಕಾರ್ಯಕ್ರಮಗಳು ಇದ್ದವು, ಹಾಡುವುದನ್ನು ನಿಲ್ಲಿಸಲಿಲ್ಲ. ಒಂದು ಹಾಡಕಿಯಲ್ಲಿ ಎದುರು ಮೇಳದವರ ಸವಾಲಿಗೆ ಬಾಯಿ ತೆರೆದಳು, ಗಾಳಿ ಬಂತು, ದನಿ ಬರಲಿಲ್ಲ. ಜನ ಸಿಳ್ಳೆ ಹೊಡೆದರು. ಇದನ್ನೆಲ್ಲ ನನಗೆ ಹೇಳಿದ್ದು ಪಾಯಪ್ಪ ಮಾಸ್ತರರು. ಹೇಳಿ, ನನ್ನ ಕೋಣೆಯಿಂದ ಎದ್ದುಹೋದವರು ಮತ್ತೆ ನಮ್ಮಲ್ಲಿಗೆ ಪೇಟಿ ಬಾರಿಸಲು ಬರಲಿಲ್ಲ.

ದನಿ ಹೋದದ್ದಕ್ಕೆ ಊರಿನವರಿಗೆ ಒಂದು ಕಾರಣ ಬೇಕಿತ್ತು. ಮುಟ್ಟಾದ ದಿನ ದಪ್ಪು ಮುಟ್ಟಿದಳು, ಅದಕ್ಕೇ ಹೀಗಾಯಿತು ಎಂಬ ಮಾತು ಹುಟ್ಟಿತು. ಮೊದಲು ಅಂದದ್ದು ನಾದಿನಿ. ಕಾಶವ್ವನೂ ಅದನ್ನು ನಂಬಿದಳು. ರಾಯಬಾಗದ ಊರಿನಿಂದ ಯಡೂರಿನತನಕ ಬರಿಗಾಲಲ್ಲಿ ನಡೆದು ಹೋಗಿ, ಹೊಳೆಯಲ್ಲಿ ಮುಳುಗಿ, ವೀರಭದ್ರನಿಗೆ ತಪ್ಪುಗಾಣಿಕೆ ಇಟ್ಟು ಬಂದಳು. ದನಿ ಬರಲಿಲ್ಲವಾಗಿ ಅಪವಾದ ಇನ್ನೂ ಗಟ್ಟಿಯಾಯಿತು. ದಪ್ಪನ್ನು ನಾದಿನಿ ತೆಗೆದುಕೊಂಡಳು, ಮೇಳವೂ ಆಕೆಯ ಹೆಸರಿಗೆ ಹೋಯಿತು. ಗಂಡ ತಂಗಿಯ ಹಿಂದೆ ತಾಳ ಹಾಕಲು ಹೋದ. ಕಾಶವ್ವ ನಿಪ್ಪಾಣಿಯ ಪಕ್ಕದ ಹಳ್ಳಿಗೆ, ಅಣ್ಣನ ಮನೆಗೆ ಬಂದು ಬೀಡಿ ಕಟ್ಟಲು ಕೂತಳು. ನನ್ನ ಸ್ಟುಡಿಯೊದಿಂದ ಸೈಕಲ್ಲಿಗೆ ಅರ್ಧ ಗಂಟೆಯ ದಾರಿ. ನಾನು ಹತ್ತು ವರ್ಷ ಆ ದಾರಿ ಹಿಡಿಯಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಬಾಪೂಸಾಹೇಬರು ಪುಣೆಯಿಂದ ಒಂದು ಹಳೆಯ ಕಂಪ್ಯೂಟರ್ ತಂದರು. ಟೇಪು, ಸ್ಕ್ರೂಡ್ರೈವರ್ ಎಲ್ಲ ಮೂಲೆ ಸೇರಿದವು. ಐವತ್ತು ದಾಟಿದ ನಾನು ಮೌಸ್ ಹಿಡಿಯಲು ಕಲಿತೆ. ಮೊದಲ ದೊಡ್ಡ ಕೆಲಸ ಚಿಕ್ಕೋಡಿಯ ಒಬ್ಬ ಶಾಲಾ ಮಾಸ್ತರರ ಭಕ್ತಿಗೀತೆಗಳು. ಕೀಬೋರ್ಡು, ರಿದಮ್ಮು ಮೊದಲು ತುಂಬಿ, ಮೇಲೆ ಅವರ ದನಿ ಹಿಡಿದೆ. ಎಂಟು ಹಾಡು, ಹನ್ನೆರಡು ದಿನ. ಎಲ್ಲ ಮುಗಿದ ಮೇಲೆ ಬಾಪೂಸಾಹೇಬರು ಕೇಳಿ, "ಹೆಣದ ಹಿಂದ ಹೊಂಟಂಗ ಐತಲ್ಲೋ. ಸ್ವಲ್ಪ ಓಡಿಸು" ಎಂದರು.

ಟೆಂಪೊದ ಅಂಕಿ ತೊಂಬತ್ತೆರಡಿತ್ತು. ಅಳಿಸಿ ನೂರಾ ನಾಲ್ಕು ಬರೆದೆ. ಸೇವ್ ಮಾಡಿದೆ. ಮಾಸ್ತರರನ್ನು ಕೂಡಿಸಿ ಹಚ್ಚಿದೆ. ರಿದಮ್ಮು, ಕೀಬೋರ್ಡು ಎರಡೂ ಓಡಿದವು, ಮಾಸ್ತರರ ದನಿ ಮಾತ್ರ ಹಳೆಯ ನಡಿಗೆಯಲ್ಲೇ ಹಿಂದೆ ಉಳಿಯಿತು. ಪಲ್ಲವಿ ಮುಗಿಯುವುದರೊಳಗೆ ತಾಳ ಒಂದು ಕಡೆ, ಹಾಡು ಒಂದು ಕಡೆ.

ಇದನ್ನು ನೀವು ಮೊದಲ ದಿನವೇ ತಿಳಿದುಕೊಳ್ಳಿ. ಕೀಬೋರ್ಡಿನ ಸ್ವರಗಳು ಕಂಪ್ಯೂಟರಿಗೆ ಬರೀ ಅಪ್ಪಣೆಗಳು, ಈಗ ಇದನ್ನು ಬಾರಿಸು, ಈಗ ಅದನ್ನು ಬಾರಿಸು ಎಂದು. ಅಂಕಿ ಬದಲಾದರೆ ಅಪ್ಪಣೆಯ ಹೊತ್ತು ಬದಲಾಗುತ್ತದೆ. ಹಾಡಿದವರ ದನಿ ಅಪ್ಪಣೆಯಲ್ಲ, ಆಗಿಹೋದ ಸಂಗತಿ. ಅದನ್ನು ಬೇರೆಯಾಗಿ ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು. ಆಗಿನ ಕಂಪ್ಯೂಟರಿನಲ್ಲಿ ಒಂದು ಹಾಡು ಕುಗ್ಗಿಸಲು ಅರ್ಧ ದಿನ ಹಿಡಿಯುತ್ತಿತ್ತು, ಕುಗ್ಗಿಸಿದ ದನಿ ಕೊಡದೊಳಗೆ ಬಾಯಿ ಇಟ್ಟು ಹಾಡಿದಂತೆ ಕೇಳುತ್ತಿತ್ತು. ಅಂಕಿ ಮುಟ್ಟುವ ಮುಂಚೆ ಇನ್ನೊಂದು ಪ್ರತಿ ಮಾಡಿ ಇಟ್ಟುಕೊಳ್ಳಬೇಕೆಂಬುದೂ ನನಗೆ ತಿಳಿದಿರಲಿಲ್ಲ. ಹಳೆಯ ಅಂಕಿಯನ್ನು ಮತ್ತೆ ಬರೆದರೆ ಸಾಕಿತ್ತು, ಆದರೆ ಗಾಬರಿಯಲ್ಲಿ ದನಿಯ ತುಂಡುಗಳನ್ನು ಕತ್ತರಿಸಿ ಆಚೀಚೆ ಸರಿಸಿ, ಅದರ ಮೇಲೂ ಸೇವ್ ಮಾಡಿ, ಹನ್ನೆರಡು ದಿನದ ಕೆಲಸ ಹಾಳು ಮಾಡಿದೆ.

ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ತಾಳ ತಪ್ಪಿದ ಹಾಡು ಓಡುತ್ತಿದ್ದಾಗ ಆ ಶಾಲಾ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಹಾಡು ನಿಂತ ಕೂಡಲೇ, "ತಪ್ಪ ನಂದ ಇರಬೇಕ್ರಿ. ನಾ ಎಲ್ಲಿ ತಪ್ಪೀನಿ ಒಂದಿಷ್ಟ ತೋರಿಸ್ತೀರೇನು?" ಎಂದರು. ಯಂತ್ರದ ಮುಂದೆ ಕೂತ ಹಾಡುಗಾರರು ಹೀಗೇ. ಏನು ಕೆಟ್ಟರೂ ತಮ್ಮ ಗಂಟಲನ್ನೇ ದೂರುತ್ತಾರೆ. ಕಾಶವ್ವನೂ ಅದೇ ಕೋಣೆಯಲ್ಲಿ ನಿಂತು ಅದನ್ನೇ ಕೇಳಿದ್ದಳು. "ಇಲ್ರಿ ಸರ್, ತಪ್ಪ ನಂದು. ನಾ ಅಂಕಿ ಬದಲಿ ಮಾಡಿದೆ" ಎಂದೆ. ಹೇಳಲು ಇಷ್ಟೇ ಸಾಕಿತ್ತೇ ಎಂದು ಆಗ ಅನ್ನಿಸಿತು. ಎದ್ದು ಹೊರಗೆ ಹೋಗಿ ನಿಂತೆ.

ಆ ವರ್ಷವೇ ಬಾಪೂಸಾಹೇಬರಿಗೆ ಹಳೆಯ ಹಾಡುಗಳಿಗೆ ಹೊಸ ರಿದಮ್ಮು ಹಾಕಿ ಮಾರುವ ಯೋಚನೆ ಬಂತು. ಮೊದಲು ಹೇಳಿದ್ದೇ ಕಾಶವ್ವನ ಕ್ಯಾಸೆಟ್ಟು, ಅದನ್ನೂ ಇನ್ನಷ್ಟು ಓಡಿಸಿ. ಹಾಡನ್ನು ಕಂಪ್ಯೂಟರಿಗೆ ಇಳಿಸಿದೆ. ಬಾಪೂಸಾಹೇಬರು ಅಂಗಡಿಯಲ್ಲಿದ್ದರು. ನಾನು ಓಡಿಸುವ ಬದಲು ನೂರಕ್ಕೆ ಹನ್ನೊಂದರಷ್ಟು ನಿಧಾನ ಮಾಡಿ, ದನಿಯ ಎತ್ತರವೂ ಜೊತೆಗೇ ಇಳಿಯುವಂತೆ ಹೇಳಿ, ಕಾಯುತ್ತ ಕೂತೆ. ಮುಗಿದ ಮೇಲೆ ಹಚ್ಚಿದೆ. ದಪ್ಪು ಮತ್ತೆ ದೊಡ್ಡದಾಯಿತು. ಅದರ ಹಿಂದೆ ಆ ದನಿ ಬಂತು, ಅವಸರವಿಲ್ಲದೆ. ಅದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತು. ನನಗೆ ಅಳು ಬಂತು. ಬಾಪೂಸಾಹೇಬರಿಗೆ ಟೇಪು ಸವೆದಿದೆ, ಹೊಸ ರಿದಮ್ಮು ಕೂಡುವುದಿಲ್ಲ ಎಂದು ಹೇಳಿ ಕೆಲಸ ಕೈಬಿಟ್ಟೆ.

ಆ ಹಾಡನ್ನು ಮಗ್ಗುಲಿಗೆ ನಲವತ್ತೈದು ನಿಮಿಷ ಹಿಡಿಯುವ ದೊಡ್ಡ ಕ್ಯಾಸೆಟ್ಟಿಗೆ ಹಾಕಿಕೊಂಡು, ಸೆಲ್ಲಿನ ಟೇಪ್ ರೆಕಾರ್ಡರ್ ಹಿಡಿದು ರವಿವಾರ ಬೆಳಿಗ್ಗೆ ಕಾಶವ್ವನ ಅಣ್ಣನ ಮನೆಗೆ ಹೋದೆ. ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಗುರುತು ಹಿಡಿದು, "ಬರ್ರಿ ಅಣ್ಣಾರ" ಎಂದಳು. ಅದು ದನಿಯಲ್ಲ, ಕಾಗದ ಹರಿದಂತಹ ಸಪ್ಪಳ. ನಾನು ಕೂತು, ಏನೂ ಮುಚ್ಚದೆ ಎಲ್ಲ ಹೇಳಿದೆ. ಮೂವತ್ತಮೂರೂವರೆ ನಿಮಿಷ, ಮೋಟರು, ಕಾಲು ಸುತ್ತು. ಆಮೇಲೆ ಟೇಪು ಹಚ್ಚಿದೆ.

ಆಕೆ ಬೀಡಿಯ ಎಲೆ ಕೈಯಲ್ಲೇ ಹಿಡಿದು ಪೂರ್ತಿ ಪದ ಕೇಳಿದಳು. ನಡುವೆ ತುಟಿ ಆಡಿಸಿ ಹಾಡಿನ ಜೊತೆ ಸೇರಲು ನೋಡಿದಳು, ಉಸಿರು ಮಾತ್ರ ಬಂತು. ಪದ ಮುಗಿಯಿತು.

"ಇದು ನಾನ" ಎಂದಳು. "ಹಂಗಾರ ನನ್ನ ದನಿ ಬಿದ್ದಿರಲಿಲ್ಲೇನ್ರಿ?"

"ಇಲ್ಲವ್ವಾ."

"ನಾ ದಪ್ಪ ಮುಟ್ಟಿದ್ದಕ್ಕ ಅಲ್ಲ?"

"ಅಲ್ಲವ್ವಾ."

"ನಿಮಗ ಇದು ಯಾವಾಗಿಂದ ಗೊತ್ತಿತ್ತರಿ?"

"ನೀವು ಹಾಡಿದ ದಿನದಿಂದ."

ಬಯ್ಯುತ್ತಾಳೆ, ಕೈಗೆ ಸಿಕ್ಕಿದ್ದು ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಸೆದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆ ಕೈಯಲ್ಲಿದ್ದ ಎಲೆಯನ್ನು ಮೊರದಲ್ಲಿ ಇಟ್ಟಳು.

"ಬರೂ ಐತವಾರ ಅಥಣಿ ಕಡೆ ಹೊಳಿ ದಂಡಿಗೆ ನಮ್ಮ ನಾದಿನಿ ಹಾಡಕಿ ಐತ್ರಿ. ನಮ್ಮೂರ ಮಂದಿನೂ ಬರ್ತಾರ. ಅಲ್ಲಿ ಮೈಕಿನ್ಯಾಗ ನಾಕ ಮಂದಿ ಮುಂದ ಇಷ್ಟ ಹೇಳ್ರಿ, ಕಾಶವ್ವಂದು ತಪ್ಪಿರಲಿಲ್ಲ ಅಂತ. ನನಗ ಮತ್ತೇನೂ ಬ್ಯಾಡ."

"ಹೇಳ್ತೀನವ್ವಾ" ಎಂದೆ. ದೇವರಾಣೆ, ಹೇಳುವ ಮನಸ್ಸಿನಿಂದಲೇ ಅಂದೆ.

ಒಬ್ಬ ರೈತರು ಕೃಷ್ಣಾ ಹೊಳೆಯಿಂದ ತಮ್ಮ ಹೊಲಕ್ಕೆ ಪೈಪ್‌ಲೈನ್ ತಂದ ಖುಷಿಗೆ ಇಟ್ಟ ಹಾಡಕಿ ಅದು. ಮಧ್ಯಾಹ್ನದ ಹೊತ್ತು, ಕಬ್ಬು ಕಡಿದ ಹೊಲದಲ್ಲಿ ಶಾಮಿಯಾನ. ಹೆಂಗಸರ ಕಡೆ, ತಲೆ ಮೇಲೆ ಸೆರಗು ಎಳೆದುಕೊಂಡು ಕಾಶವ್ವ ಕೂತಿದ್ದು ಕಂಡಿತು. ಗೊಬ್ಬರದ ಗಿರಾಕಿಯ ಮನೆಯ ಕಾರ್ಯಕ್ರಮವೆಂದು ಬಾಪೂಸಾಹೇಬರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾದಿನಿ ದಪ್ಪು ಹಿಡಿದು ಕರಿ ಐದಕ್ಕೆ ಹಾಡಿದಳು. ಚಿಕ್ಕ ವಯಸ್ಸಿನಿಂದ ಸಣ್ಣ ದನಿ ಆಕೆಯದು, ನಡೆಯುತ್ತಿತ್ತು. ಮೊದಲ ಪದ ಮುಗಿಯಿತು. ಮೈಕು ಹಿಡಿದವನು ನನ್ನನ್ನು ನೋಡಿ, "ನಿಪ್ಪಾಣಿ ರೆಕಾರ್ಡಿಂಗದ ದತ್ತೂ ಅಣ್ಣಾರು ಬಂದಾರ. ಎರಡ ಮಾತ ಹೇಳ್ತಾರ" ಎಂದು ಕರೆದ.

ಎದ್ದು ಹೋದೆ. ಮೈಕು ಕೈಗೆ ಬಂತು. ಬಾಪೂಸಾಹೇಬರು ನಗುತ್ತ ನನ್ನನ್ನೇ ನೋಡುತ್ತಿದ್ದರು. ಇನ್ನು ಮೂರು ವರ್ಷ ಕೆಲಸ ಉಳಿದಿತ್ತು ನನಗೆ. ಅಷ್ಟು ಜನರ ಮುಂದೆ, ಅಷ್ಟು ವರ್ಷ ಸುಳ್ಳು ಹೇಳಿದವನು ಎಂದು ನಿಲ್ಲುವುದು ಹೇಗೆ? ನನ್ನ ಬಾಯಿಂದ ಬಂದದ್ದು ಬೇರೆ. ನಮ್ಮ ಹಿರಿಯರ ಹಾಡು ಉಳಿಯಬೇಕು, ಹೊಸಬರು ಮುಂದೆ ಬರಬೇಕು, ಇಂಥ ರೈತರು ನೂರು ವರ್ಷ ಬಾಳಬೇಕು. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವ ಮೊದಲೇ ಕಾಶವ್ವ ಎದ್ದು, ಸೀರೆಗೆ ಅಂಟಿದ ಕಬ್ಬಿನ ರವದಿಯ ಒಣ ಎಲೆ ಕೊಡವಿಕೊಂಡು, ಹೊಸ ಪೈಪಿನ ಬದಿಯ ಕಾಲುದಾರಿಯಲ್ಲಿ ಬಸ್ಸಿನ ರಸ್ತೆಯ ಕಡೆ ಹೋದಳು.

ಮತ್ತೆ ನಾನು ಆಕೆಯನ್ನು ನೋಡಲಿಲ್ಲ. ನಾನು ನಿವೃತ್ತನಾದ ಮರುವರ್ಷ ಆಕೆ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದವರು ಹೇಳಿದರು, ಅಲ್ಲಿಯೂ ಯಾರೋ ಹೆಂಗಸರು ದಪ್ಪಿನ ಮಾತು ತೆಗೆದಿದ್ದರಂತೆ.

ಅಂಕಿ ಬದಲಿಸುವ ಮೊದಲು ಹಾಡಿದವರನ್ನು ಕೇಳಿ, ಬದಲಿಸಿದ ಮೇಲೆ ಅವರಿಗೆ ತಿಳಿಸಿ ಎಂದು ಹೊಸಬರಿಗೆ ಹೇಳುವ ಅಧಿಕಾರ ನನಗಿಲ್ಲ, ಆದರೂ ಹೇಳಿದ್ದೇನೆ. ಇನ್ನು ಆ ಮಧ್ಯಾಹ್ನ ಮೈಕು ಕೈಯಲ್ಲಿದ್ದಾಗ ಹೇಳಬೇಕಾಗಿದ್ದ ಮಾತು. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ಆಕೆಯ ಹಾಡು ಕೇಳಿದವರು, ಆಕೆಗೆ ಸಿಳ್ಳೆ ಹೊಡೆದವರು ಇನ್ನೂ ಇದ್ದೀರಿ, ಓದಿಕೊಳ್ಳಿ. ಕಾಶವ್ವನ ದನಿ ಬಿದ್ದಿರಲಿಲ್ಲ. ಆಕೆಯದು ಏನೂ ತಪ್ಪಿರಲಿಲ್ಲ. ಆ ಟೇಪನ್ನು ಓಡಿಸಿದವನು ನಾನು, ನಿಪ್ಪಾಣಿ ರೆಕಾರ್ಡಿಂಗಿನ ದತ್ತೂ.